ದುಬಾರಿ ಮೈಕ್ ತಂದರೆ ಹಾಡು ಚೆನ್ನಾಗಿ ರೆಕಾರ್ಡ್ ಆಗುತ್ತದೆಯೇ?

ಉಜಿರೆಯಲ್ಲೋ ಬಿ.ಸಿ.ರೋಡಿನಲ್ಲೋ ಮೂಡುಬಿದಿರೆಯಲ್ಲೋ ಕಾಲೇಜಿಗೆ ಹೋಗುವ ಮಕ್ಕಳು ಮನೆಯ ಚಾವಡಿಯಲ್ಲಿ ಕೂತು ಮೊಬೈಲಿನಲ್ಲಿ ಒಂದು ಹಾಡು ರೆಕಾರ್ಡ್ ಮಾಡುತ್ತಾರೆ. ಕೇಳಿ ನೋಡಿದರೆ ಬಾವಿಯೊಳಗೆ ಕೂತು ಹಾಡಿದ ಹಾಗಿರುತ್ತದೆ. ಹಿಂದೆ ಫ್ಯಾನಿನ ಸದ್ದು, ದೂರದಲ್ಲಿ ಲಾರಿಯ ಸದ್ದು, ಮಳೆಗಾಲವಾದರೆ ಹಂಚಿನ ಮೇಲೆ ಬೀಳುವ ಹನಿಗಳ ಸದ್ದು. ಆಗ ಎಲ್ಲರೂ ಹೇಳುವ ಮಾತು ಒಂದೇ: "ಮೈಕ್ ಸರಿ ಇಲ್ಲ, ಒಳ್ಳೆಯ ಮೈಕ್ ತೆಗೆದುಕೊಳ್ಳಬೇಕು." ಅಪ್ಪ ಅಡಿಕೆ ಮಾರಿ ಬಂದ ದುಡ್ಡಿನಲ್ಲಿ ಒಂದಷ್ಟು ಕೊಡುತ್ತಾರೆ, ಮೈಕ್ ಬರುತ್ತದೆ. ಹಾಡು ಮಾತ್ರ ಇನ್ನೂ ಬಾವಿಯೊಳಗೇ ಇರುತ್ತದೆ. ಮೊದಲಿಗಿಂತ ಸ್ಪಷ್ಟವಾದ ಬಾವಿ, ಅಷ್ಟೇ!

ಹೀಗೇಕೆ ಆಗುತ್ತದೆ? ಧ್ವನಿಮುದ್ರಣ ಕಲಿಯಲು ಹೊರಟವರು ಮೊದಲು ತಿಳಿಯಬೇಕಾದ ಸಂಗತಿ ಏನೆಂದರೆ, ಸದ್ದಿನ ಗುಣವನ್ನು ಹೆಚ್ಚಾಗಿ ನಿರ್ಧರಿಸುವುದು ಮೈಕಿನ ಬೆಲೆಯಲ್ಲ. ಹಾಡುವವರಿಗೂ ಮೈಕಿಗೂ ಇರುವ ದೂರ, ಕೂತಿರುವ ಕೋಣೆ ಮತ್ತು ಸದ್ದನ್ನು ಎಷ್ಟು ಮಟ್ಟದಲ್ಲಿ ಒಳಗೆ ತೆಗೆದುಕೊಳ್ಳುತ್ತೇವೆ ಎಂಬುದು ಮುಖ್ಯ. ಈ ಮೂರಕ್ಕೂ ಹಣ ಬೇಕಿಲ್ಲ. ಈ ವಿಷಯದಲ್ಲಿ ಹರಡಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ನಂಬಿಕೆ 1: ಮೈಕ್ ದುಬಾರಿಯಾದಷ್ಟೂ ಸದ್ದು ಚೆನ್ನ

ಒಂದು ಸುಲಭದ ಪ್ರಯೋಗ ಮಾಡಿ. ಮೊಬೈಲನ್ನು ಬಾಯಿಯಿಂದ 15 ಸೆಂಟಿಮೀಟರ್ ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿದು ನಾಲ್ಕು ಸಾಲು ಹಾಡಿ. ಆಮೇಲೆ ಅದೇ ಸಾಲುಗಳನ್ನು 60 ಸೆಂಟಿಮೀಟರ್ ದೂರದಿಂದ ಹಾಡಿ. ಎರಡನ್ನೂ ಇಯರ್‌ಫೋನ್‌ನಲ್ಲಿ ಕೇಳಿ. ಎರಡೂ ಬೇರೆ ಬೇರೆ ಮೈಕಿನಲ್ಲಿ ರೆಕಾರ್ಡ್ ಆದಂತೆ ಕೇಳುತ್ತವೆ.

ಕಾರಣ ಸರಳ. ಬಾಯಿಂದ ಹೊರಟ ಸದ್ದು ಎಲ್ಲ ದಿಕ್ಕಿಗೂ ಹರಡುತ್ತಾ ಹೋಗುತ್ತದೆ. ದೂರ ಎರಡು ಪಟ್ಟಾದರೆ ಮೈಕಿಗೆ ನೇರವಾಗಿ ತಲುಪುವ ಸದ್ದು 6 ಡೆಸಿಬೆಲ್ ಕಡಿಮೆಯಾಗುತ್ತದೆ. 15ರಿಂದ 60 ಸೆಂಟಿಮೀಟರಿಗೆ ಹೋದರೆ ಎರಡು ಸಲ ದುಪ್ಪಟ್ಟಾದಂತಾಯಿತು, ಅಂದರೆ 12 ಡೆಸಿಬೆಲ್ ನಷ್ಟ. ಆದರೆ ಗೋಡೆಗೆ ಬಡಿದು ಬರುವ ಸದ್ದು, ಫ್ಯಾನಿನ ಸದ್ದು, ಹೊರಗಿನ ಜೀರುಂಡೆಯ ಸದ್ದು ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತವೆ. ಹಾಡು ತಗ್ಗಿತು, ಕೋಣೆ ತಗ್ಗಲಿಲ್ಲ. ಆ ತಗ್ಗಿದ ಹಾಡನ್ನು ಕಂಪ್ಯೂಟರಿನಲ್ಲಿ ಎತ್ತರಿಸಿದರೆ ಅದರ ಜೊತೆಗೆ ಕೋಣೆಯೂ ಎತ್ತರಕ್ಕೆ ಬರುತ್ತದೆ.

ಹೊಸಬರು ಹೆಚ್ಚಾಗಿ ಕೊಳ್ಳುವುದು ಕಂಡೆನ್ಸರ್ ಮೈಕ್. ಅದರೊಳಗಿನ ತೆಳುವಾದ ಪೊರೆ ಬಹಳ ಸೂಕ್ಷ್ಮ. ಒಳ್ಳೆಯ ಕೋಣೆಯಲ್ಲಿ ಅದು ಗುಣ, ಹಂಚಿನ ಮಾಡಿನ ಚಾವಡಿಯಲ್ಲಿ ಅದೇ ದೋಷ. ಪಕ್ಕದ ಮನೆಯ ಕೋಳಿಯನ್ನೂ ಅದು ಬಿಡುವುದಿಲ್ಲ. ವೇದಿಕೆಯ ಮೇಲೆ ಬಳಸುವ ಡೈನಾಮಿಕ್ ಮೈಕ್ ಅಷ್ಟು ಸೂಕ್ಷ್ಮವಲ್ಲ. ಅದನ್ನು ಬಾಯಿಗೆ ಹತ್ತಿರ ಹಿಡಿದೇ ಹಾಡಬೇಕಾಗುತ್ತದೆ, ಹಾಗಾಗಿ ಸದ್ದುಗದ್ದಲ ಇರುವ ಮನೆಗೆ ಅದೇ ಸೂಕ್ತ. ತೀರಾ ಹತ್ತಿರ ಹೋದರೆ ಎರಡು ತೊಂದರೆಗಳಿವೆ. ಒಂದೇ ದಿಕ್ಕಿನ ಸದ್ದನ್ನು ಹಿಡಿಯುವ ಮೈಕುಗಳಲ್ಲಿ ಧ್ವನಿಯ ತಗ್ಗುಸ್ವರ ಉಬ್ಬಿಕೊಳ್ಳುತ್ತದೆ, 'ಪ', 'ಬ' ಅಕ್ಷರಗಳ ಗಾಳಿ ಮೈಕಿಗೆ ಬಡಿಯುತ್ತದೆ. ಒಂದು ಗೇಣಿನಷ್ಟು ದೂರ ಇಟ್ಟು, ಮೈಕನ್ನು ಬಾಯಿಯ ನೇರಕ್ಕಲ್ಲದೆ ತುಸು ಪಕ್ಕಕ್ಕೆ ನಿಲ್ಲಿಸಿದರೆ ಎರಡೂ ಹತೋಟಿಗೆ ಬರುತ್ತವೆ.

ನಂಬಿಕೆ 2: ಸದ್ದು ಗುಂಯ್‌ಗುಡುವ ಕೋಣೆಯಲ್ಲಿ ಹಾಡಿದರೆ ಕಳೆ ಹೆಚ್ಚು

ಬಚ್ಚಲುಮನೆಯಲ್ಲಿ ಹಾಡುವಾಗ ಎಲ್ಲರಿಗೂ ತಮ್ಮ ಕಂಠ ಇಷ್ಟವಾಗುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂಥ ಶಿಲೆಯ ಕಟ್ಟಡವನ್ನೇ ತೆಗೆದುಕೊಳ್ಳಿ. 1430ರಲ್ಲಿ ಕಟ್ಟಿಸಿದ ಈ ಬಸದಿಯ ಕಂಬಗಳೂ ನೆಲವೂ ಕಲ್ಲಿನವು. ಗಟ್ಟಿ ಕಲ್ಲು ತನಗೆ ಬಡಿದ ಸದ್ದಿನಲ್ಲಿ ಹೀರಿಕೊಳ್ಳುವುದು ತೀರಾ ಸ್ವಲ್ಪ, ಉಳಿದದ್ದನ್ನೆಲ್ಲ ಹಿಂದಕ್ಕೆ ಕಳುಹಿಸುತ್ತದೆ. ಕಲ್ಲಿನ ಒಳಾಂಗಣದಲ್ಲಿ ನಿಧಾನವಾಗಿ ಎಳೆದು ಹೇಳುವ ಸ್ತೋತ್ರ ಗಂಭೀರವಾಗಿ ಕೇಳುವುದು ಇದರಿಂದಲೇ. ಹಿಂದಿನ ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಮುಂದಿನ ಸ್ವರ ಬಂದು ಸೇರುತ್ತದೆ. ಅಲ್ಲೇ ವೇಗವಾಗಿ ಮಾತಾಡಿದರೆ ಒಂದು ಪದದ ಮೇಲೆ ಇನ್ನೊಂದು ಪದ ಬಿದ್ದು ಕಲಸುಮೇಲೋಗರವಾಗುತ್ತದೆ. ಹೀಗೆ ಉಳಿದು ನಿಧಾನವಾಗಿ ಕರಗುವ ಸದ್ದಿಗೆ ಅನುರಣನ ಎಂದು ಹೆಸರು.

ಗಾರೆ ಅಥವಾ ಟೈಲ್ಸ್ ನೆಲ, ಸಿಮೆಂಟು ಗೋಡೆಯ ಪುಟ್ಟ ಕೋಣೆಯಲ್ಲಿ ಅನುರಣನ ಬಸದಿಯಷ್ಟು ಉದ್ದವಿರುವುದಿಲ್ಲ. ಆದರೆ ಗೋಡೆಗಳು ಹತ್ತಿರವಿರುವುದರಿಂದ ಮೊದಲ ಪ್ರತಿಫಲನ ಬಲು ಬೇಗ ಬಂದು ಮೂಲ ಸದ್ದಿನೊಂದಿಗೆ ಬೆರೆತುಹೋಗುತ್ತದೆ. ಡಬ್ಬದೊಳಗಿಂದ ಹಾಡಿದಂತೆ ಕೇಳುವುದು ಇದರಿಂದಲೇ. ಒಣ ಧ್ವನಿಗೆ ಬೇಕಾದಷ್ಟು ಅನುರಣನವನ್ನು ಕಂಪ್ಯೂಟರಿನಲ್ಲಿ ಆಮೇಲೆ ಸೇರಿಸಬಹುದು. ಧ್ವನಿಯೊಳಗೆ ಸೇರಿಹೋದ ಕೋಣೆಯನ್ನು ಪೂರ್ತಿಯಾಗಿ ತೆಗೆಯುವುದು ಸಾಧ್ಯವಿಲ್ಲ. ಉಪ್ಪು ಕಡಿಮೆಯಾದ ಸಾರಿಗೆ ಉಪ್ಪು ಹಾಕಬಹುದು, ಹೆಚ್ಚಾದದ್ದನ್ನು ತೆಗೆಯಲು ಆಗದು. ಹಾಗಾಗಿ ಬಟ್ಟೆ ತುಂಬಿದ ಕಪಾಟು, ಹಾಸಿಗೆ, ಪುಸ್ತಕಗಳಿರುವ ಮಲಗುವ ಕೋಣೆಯೇ ಖಾಲಿ ಚಾವಡಿಗಿಂತ ಉತ್ತಮ.

ನಂಬಿಕೆ 3: ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಹೊರಗಿನ ಸದ್ದು ಬರುವುದಿಲ್ಲ

ಇದು ಬಹಳ ಹಳೆಯ ನಂಬಿಕೆ, ಊರೂರಿನಲ್ಲೂ ಇದೆ. ಇಲ್ಲಿ ಎರಡು ಬೇರೆ ಕೆಲಸಗಳು ಒಂದಾಗಿಬಿಟ್ಟಿವೆ. ಕೋಣೆಯೊಳಗಿನ ಪ್ರತಿಫಲನವನ್ನು ಹೀರುವುದು ಒಂದು. ಹೊರಗಿನ ಸದ್ದು ಒಳಗೆ ಬರದಂತೆ ತಡೆಯುವುದು ಇನ್ನೊಂದು.

ತಡೆಯಲು ಬೇಕಿರುವುದು ತೂಕ ಮತ್ತು ಸಂದಿಯಿಲ್ಲದ ಮುಚ್ಚಿಗೆ. ನಮ್ಮ ಮುರಕಲ್ಲಿನ ದಪ್ಪ ಗೋಡೆ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಸದ್ದು ಒಳಗೆ ನುಗ್ಗುವುದು ಹಂಚುಗಳ ಸಂದಿಯಿಂದ, ಕಿಟಕಿಯಿಂದ, ಬಾಗಿಲ ಕೆಳಗಿನ ತೆರವಿನಿಂದ. ಕೈಯಲ್ಲಿ ಹಿಡಿದರೆ ತೂಕವೇ ಗೊತ್ತಾಗದ ಕಾಗದದ ಟ್ರೇ ಯಾವ ಸದ್ದನ್ನೂ ತಡೆಯಲಾರದು.

ಹಾಗಾದರೆ ಹೀರಲಾದರೂ ಆಗುತ್ತದೆಯೇ? ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ಸಾಗುತ್ತದೆ. 100 ಹರ್ಟ್ಸ್‌ನ ತಗ್ಗು ಸದ್ದಿನ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಐದು ಸೆಂಟಿಮೀಟರ್ ಎತ್ತರವೂ ಇಲ್ಲದ ಟ್ರೇ ಅಷ್ಟು ದೊಡ್ಡ ಅಲೆಯ ಪಾಲಿಗೆ ಇಲ್ಲದಂತೆಯೇ. ಅದು ಒಂದಿಷ್ಟು ಪರಿಣಾಮ ತೋರುವುದು ಎತ್ತರದ ಸದ್ದುಗಳ ಮೇಲೆ ಮಾತ್ರ. ಆದ್ದರಿಂದ ಟ್ರೇ ಅಂಟಿಸಿದ ಕೋಣೆಯಲ್ಲಿ ಧ್ವನಿಯ ಹೊಳಪು ಕುಗ್ಗುತ್ತದೆ, ಗುಂಯ್‌ಗುಡುವುದು ಹಾಗೇ ಉಳಿಯುತ್ತದೆ. ಒಣ ಕಾಗದದ ಟ್ರೇಗೆ ಬೆಂಕಿ ತಗಲಿದರೆ ಬೇಗ ಹರಡುತ್ತದೆ ಎನ್ನುವುದನ್ನೂ ಮರೆಯಬೇಡಿ.

ಬಂಟ್ವಾಳದ ಕಡೆ ರಾಷ್ಟ್ರೀಯ ಹೆದ್ದಾರಿ 75ರ ಬದಿಯಲ್ಲಿ ಮನೆ ಇರುವವರಿಗೆ ಲಾರಿಗಳ ತಗ್ಗು ಮೊರೆತವೇ ದೊಡ್ಡ ತಲೆನೋವು. ಅದಕ್ಕೆ ಸುಲಭ ಉಪಾಯಗಳು ಇವು: ರಸ್ತೆಗೆ ದೂರವಾದ ಕೋಣೆ ಆರಿಸುವುದು, ವಾಹನಗಳು ಕಡಿಮೆಯಾಗುವ ಹೊತ್ತಿಗೆ ರೆಕಾರ್ಡ್ ಮಾಡುವುದು, ಹಾಡುವವರ ಹಿಂದೆ ಮತ್ತು ಪಕ್ಕದಲ್ಲಿ ದಪ್ಪ ರಜಾಯಿ ತೂಗುಹಾಕುವುದು ಅಥವಾ ತೆಂಗಿನ ನಾರಿನ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸುವುದು. ಗೋಡೆಗೂ ಹಾಸಿಗೆಗೂ ನಡುವೆ ಒಂದು ಗೇಣು ಜಾಗ ಬಿಟ್ಟರೆ ಇನ್ನೂ ತಗ್ಗಿನ ಸದ್ದನ್ನು ಅದು ಹೀರಬಲ್ಲದು. ಹಾಸಿಗೆ, ರಜಾಯಿಗಳು ಕೋಣೆಯ ಪ್ರತಿಫಲನಕ್ಕೆ ಮದ್ದೇ ಹೊರತು ಲಾರಿಗೆ ಅಲ್ಲ. ಅಷ್ಟಾದರೂ ಉಳಿದ ಮೊರೆತವನ್ನು ಸಂಕಲನ ಮಾಡುವಾಗ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ತಗ್ಗಿಸಬಹುದು. ಮನುಷ್ಯರ ಹಾಡಿನ ಹೆಚ್ಚಿನ ಭಾಗ ಅದಕ್ಕಿಂತ ಮೇಲಿರುತ್ತದೆ. ಮದ್ದಳೆಯಂಥ ವಾದ್ಯಕ್ಕೆ ಮಾತ್ರ ಈ ಕತ್ತರಿ ಹಾಕುವ ಮುನ್ನ ಕೇಳಿ ನೋಡಬೇಕು.

ನಂಬಿಕೆ 4: ಮೀಟರ್ ಕೆಂಪಾಗುವಷ್ಟು ಜೋರಿದ್ದರೆ ರೆಕಾರ್ಡಿಂಗ್ ಗಟ್ಟಿ

ಟೇಪಿನ ಕಾಲದಲ್ಲಿ ಇದಕ್ಕೆ ಸ್ವಲ್ಪ ಅರ್ಥವಿತ್ತು. ಟೇಪಿಗೆ ತನ್ನದೇ ಆದ ಸರ್ರೆನ್ನುವ ಸದ್ದಿತ್ತು, ಹಾಡು ಅದಕ್ಕಿಂತ ಬಹಳ ಮೇಲಿರಬೇಕಿತ್ತು. ಮಟ್ಟ ತುಸು ಮಿತಿಮೀರಿದರೂ ಟೇಪು ಮೆಲ್ಲನೆ ಹಿಂಡಿದಂತೆ ಮಾಡುತ್ತಿತ್ತೇ ಹೊರತು ಒಮ್ಮೆಲೇ ಕೆಡಿಸುತ್ತಿರಲಿಲ್ಲ.

ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ ಎನ್ನುವುದೇ ಕೊನೆಯ ಗಡಿ. ಅದರ ಮೇಲೆ ಬರೆದುಕೊಳ್ಳಲು ಸಂಖ್ಯೆಯೇ ಇಲ್ಲ. ಅಲೆಯ ತುದಿ ಗಡಿಯನ್ನು ದಾಟಿದರೆ ಆ ತುದಿ ಕತ್ತಿಯಿಂದ ಸವರಿದಂತೆ ಚಪ್ಪಟೆಯಾಗುತ್ತದೆ, ಕಿವಿಗೆ ಕರಕರ ಎನ್ನುತ್ತದೆ. ಕಳೆದುಹೋದ ತುದಿಯನ್ನು ಮರಳಿ ಪಡೆಯಲಾಗದು. ಯಕ್ಷಗಾನದ ಹಿಮ್ಮೇಳ ರೆಕಾರ್ಡ್ ಮಾಡುವವರಿಗೆ ಇದು ಸಾಮಾನ್ಯವಾಗಿ ಎದುರಾಗುವ ಪೇಚು. ಭಾಗವತರು ಮೆಲ್ಲನೆ ಪದ ಎತ್ತಿಕೊಳ್ಳುವಾಗ ಮಟ್ಟ ಹೊಂದಿಸಿ ಕೂತಿರುತ್ತೇವೆ. ಚೆಂಡೆಯ ಮೊದಲ ಪೆಟ್ಟು ಬಿದ್ದ ಕೂಡಲೇ ಎಲ್ಲವೂ ಕೆಂಪು. ಮಟ್ಟ ಹೊಂದಿಸಬೇಕಾದದ್ದು ಅತ್ಯಂತ ಜೋರಿನ ಭಾಗವನ್ನು ಮೊದಲೇ ನುಡಿಸಲು ಕೇಳಿಕೊಂಡು. ಆ ಜೋರಿನ ತುದಿ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿದ್ದರೆ ಸಾಕು.

ಅಷ್ಟು ಕೆಳಗಿಟ್ಟರೆ ಹಾಡು ಸಪ್ಪೆಯಾಗದೇ? ಇಲ್ಲ. 16 ಬಿಟ್‌ನ ರೆಕಾರ್ಡಿಂಗ್‌ನಲ್ಲಿ ಅತಿ ಮೆಲುದನಿಗೂ ಅತಿ ಜೋರಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಹಿಡಿಸುತ್ತದೆ, 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಇಷ್ಟು ಜಾಗವಿರುವಾಗ ಮೇಲೆ 12 ಡೆಸಿಬೆಲ್ ಖಾಲಿ ಬಿಟ್ಟರೆ ಏನೂ ಕಳೆದುಹೋಗುವುದಿಲ್ಲ. ಆಮೇಲೆ ಬೇಕಾದಷ್ಟು ಎತ್ತರಿಸಿಕೊಳ್ಳಬಹುದು.

ನಂಬಿಕೆ 5: 96 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ಎರಡು ಪಟ್ಟು ಸ್ಪಷ್ಟ

ಡಿಜಿಟಲ್ ಧ್ವನಿಮುದ್ರಣದಲ್ಲಿ ಸದ್ದಿನ ಅಲೆಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆಯಲಾಗುತ್ತದೆ. ಸಿಡಿಗಳಲ್ಲಿ ಇದು ಸೆಕೆಂಡಿಗೆ 44,100 ಬಾರಿ. ಒಂದು ಸದ್ದನ್ನು ಸರಿಯಾಗಿ ಮರಳಿ ಪಡೆಯಲು ಅದರ ಆವರ್ತನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು ಎನ್ನುವುದು ಗಣಿತ. ಮನುಷ್ಯರ ಕಿವಿಗೆ ಕೇಳಿಸುವ ಮೇಲಿನ ಗಡಿ 20,000 ಹರ್ಟ್ಸ್, ವಯಸ್ಸಾದಂತೆ ಇದು ಇನ್ನೂ ಇಳಿಯುತ್ತದೆ. ಅಂದಮೇಲೆ 44,100 ಸಾಕು. ವಿಡಿಯೋಕ್ಕಾದರೆ 48,000 ರೂಢಿ. 96,000ಕ್ಕೆ ಹೋದರೆ ಹಿಡಿಯುವುದು ಬಾವಲಿಗೆ ಕೇಳಿಸುವ ಸದ್ದನ್ನು, ನಮಗಲ್ಲ. ಕೆಲವು ವಿಶೇಷ ಕೆಲಸಗಳಿಗೆ ಅದರಿಂದ ಉಪಯೋಗವಿದೆ, ಆದರೆ ಕಲಿಯುವವರಿಗೆ ಅದರ ಅಗತ್ಯವಿಲ್ಲ. 44,100 ಮತ್ತು 16 ಬಿಟ್‌ನಲ್ಲಿ ಒಂದು ನಿಮಿಷದ ಸ್ಟೀರಿಯೋ ಕಡತ ಸುಮಾರು 10 ಎಂಬಿ ಆದರೆ, 96,000 ಮತ್ತು 24 ಬಿಟ್‌ನಲ್ಲಿ ಸುಮಾರು 35 ಎಂಬಿ. ಹಳೆಯ ಲ್ಯಾಪ್‌ಟಾಪ್ ಇರುವವರು ಇದನ್ನು ಗಮನದಲ್ಲಿಡಬೇಕು.

ನಂಬಿಕೆ 6: ಏನಾದರೂ ತಪ್ಪಿದರೆ ಮಿಕ್ಸಿಂಗ್‌ನಲ್ಲಿ ಸರಿಮಾಡಬಹುದು

ಸಂಗೀತ ತಯಾರಿಯ ಹಂತಗಳು ಇವು: ರೆಕಾರ್ಡ್ ಮಾಡುವುದು, ಬೇಡದ್ದನ್ನು ಕತ್ತರಿಸಿ ಜೋಡಿಸುವುದು, ಎಲ್ಲ ವಾದ್ಯ-ಧ್ವನಿಗಳ ಮಟ್ಟವನ್ನು ಹದಮಾಡುವ ಮಿಕ್ಸಿಂಗ್, ಕೊನೆಗೆ ಇಡೀ ಹಾಡನ್ನು ಬಿಡುಗಡೆಗೆ ಸಿದ್ಧಗೊಳಿಸುವ ಮಾಸ್ಟರಿಂಗ್. ಇವನ್ನೆಲ್ಲ ಕಲಿಯಲು ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಆದರೆ ತಂತ್ರಾಂಶಕ್ಕೆ ನಮ್ಮ ಸಂಗೀತ ಗೊತ್ತಿರುವುದಿಲ್ಲ. ಎರಡು ಉದಾಹರಣೆ ನೋಡಿ.

ಗದ್ದಲ ಕಳೆಯುವ ತಂತ್ರಾಂಶಗಳಲ್ಲಿ ಹೆಚ್ಚಿನವು ಬದಲಾಗದೆ ಒಂದೇ ಸಮನೆ ಕೇಳುತ್ತಿರುವುದನ್ನು ಗದ್ದಲವೆಂದು ಎಣಿಸುತ್ತವೆ. ಫ್ಯಾನಿನ ಸದ್ದಿಗೆ ಈ ಲೆಕ್ಕ ಸರಿ. ಆದರೆ ನಮ್ಮ ಶ್ರುತಿಪೆಟ್ಟಿಗೆಯೂ ಒಂದೇ ಸಮನೆ ಕೇಳುತ್ತದಲ್ಲ! ಮೊಬೈಲಿನ ಕರೆಯಲ್ಲೋ ಆನ್‌ಲೈನ್ ಪಾಠದಲ್ಲೋ ಹಾಡುವಾಗ ಶ್ರುತಿ ಬಂದು ಬಂದು ಮಾಯವಾಗುವುದು ಇದರಿಂದಲೇ. ರೆಕಾರ್ಡ್ ಮಾಡುವಾಗ ಇಂಥ ಸೌಲಭ್ಯವನ್ನು ನಿಲ್ಲಿಸಿಡಬೇಕು.

ಎರಡನೆಯದು ಅಪಶ್ರುತಿ ತಿದ್ದುವ ತಂತ್ರಾಂಶ. ಇವುಗಳಲ್ಲಿ ಪ್ರಸಿದ್ಧವಾದ ಆಟೋ-ಟ್ಯೂನ್ 1997ರಲ್ಲಿ ಬಂತು. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ತೈಲ ನಿಕ್ಷೇಪ ಹುಡುಕಲು ಭೂಮಿಯೊಳಗಿನ ಕಂಪನಗಳನ್ನು ವಿಶ್ಲೇಷಿಸುವ ಕೆಲಸದಲ್ಲಿದ್ದವರು. ಈ ತಂತ್ರಾಂಶ ಕಂಠವನ್ನು ಹತ್ತಿರದ ಸ್ವರಕ್ಕೆ ಎಳೆಯುತ್ತದೆ. ಬಿಗಿಯಾಗಿ ಇಟ್ಟರೆ ಎರಡು ಸ್ವರಗಳ ನಡುವೆ ಓಲಾಡುವ ಗಮಕವನ್ನೂ ಅದು ತಪ್ಪೆಂದು ತಿಳಿದು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ. ಗಮಕ ಹೋದರೆ ರಾಗವೇ ಹೋಯಿತು. ಅದರ ಬದಲು ಇನ್ನೊಂದು ಸಲ ಹಾಡುವುದೇ ಲೇಸು.

ಮಿಕ್ಸಿಂಗ್ ಮಾಡುವಾಗ ಇನ್ನೊಂದು ಮೋಸಕ್ಕೂ ಒಳಗಾಗುತ್ತೇವೆ. ಏನನ್ನೇ ಆದರೂ ಸ್ವಲ್ಪ ಜೋರು ಮಾಡಿದರೆ ಅದು ಉತ್ತಮವಾದಂತೆ ಅನ್ನಿಸುತ್ತದೆ. ಜೋರು ಹೆಚ್ಚಿದಾಗ ತಗ್ಗು ಸದ್ದುಗಳು ನಮ್ಮ ಕಿವಿಗೆ ಹೆಚ್ಚು ತುಂಬಿಕೊಂಡು ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಹಾಗಾಗಿ ಬದಲಾವಣೆಗೆ ಮುಂಚಿನದನ್ನೂ ನಂತರದ್ದನ್ನೂ ಒಂದೇ ಮಟ್ಟದಲ್ಲಿಟ್ಟು ಹೋಲಿಸಬೇಕು. ಸ್ಪಾಟಿಫೈ, ಯೂಟ್ಯೂಬ್‌ನಂಥ ವೇದಿಕೆಗಳು ಅತಿ ಜೋರಿನ ಹಾಡನ್ನು ತಾವೇ ತಗ್ಗಿಸುವುದರಿಂದ ಹಾಡನ್ನು ಹಿಂಡಿ ಜೋರು ಮಾಡಿ ಲಾಭವೂ ಇಲ್ಲ.

ಜೀವಕ್ಕೂ ಕಿವಿಗೂ ಸಂಬಂಧಿಸಿದ ಮಾತು

ರೆಕಾರ್ಡಿಂಗ್‌ನಲ್ಲಿ ಒಂದೇ ಸಮನೆ "ಹೂಂ" ಎನ್ನುವ ಸದ್ದು ಬಂದರೆ ಅದು ಹೆಚ್ಚಾಗಿ ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಮತ್ತು ಅದರ ಗುಣಕಗಳಾದ 100, 150 ಹರ್ಟ್ಸ್‌ನದು. ಇದಕ್ಕೆ ಕೆಲವರು ಹೇಳುವ ಮದ್ದು ಪ್ಲಗ್ಗಿನ ದಪ್ಪ ಪಿನ್ನನ್ನು, ಅಂದರೆ ಅರ್ತ್ ಪಿನ್ನನ್ನು ತೆಗೆದುಬಿಡುವುದು. ದಯವಿಟ್ಟು ಹೀಗೆ ಮಾಡಬೇಡಿ. ಉಪಕರಣದ ಲೋಹದ ಭಾಗಕ್ಕೆ ವಿದ್ಯುತ್ ಹರಿದರೆ ಅದನ್ನು ನೆಲಕ್ಕೆ ಒಯ್ದು ಜೀವ ಉಳಿಸುವುದು ಆ ಪಿನ್ನೇ. ಮೈಕ್ ಹಿಡಿದ ಕೈಗೆ ಶಾಕ್ ಹೊಡೆಯುವುದು ಎಂದರೆ ತುಟಿಯ ಹತ್ತಿರಕ್ಕೇ ವಿದ್ಯುತ್ ಬಂದಂತೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ, ಎಲ್ಲ ಉಪಕರಣಗಳನ್ನೂ ಒಂದೇ ಸಾಕೆಟ್ಟಿನಿಂದ ಜೋಡಿಸಿ, ಮನೆಯ ಅರ್ತಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಗುಡುಗು-ಸಿಡಿಲಿನ ಹೊತ್ತಿನಲ್ಲಿ ಎಲ್ಲವನ್ನೂ ಕಳಚಿಡಿ.

ಕಿವಿಯ ವಿಷಯವೂ ಅಷ್ಟೇ ಗಂಭೀರ. ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಹೆಚ್ಚೆಂದರೆ 8 ಗಂಟೆ ಕೇಳಬಹುದು, ಅದಕ್ಕಿಂತ ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಸಮಯ ಅರ್ಧಕ್ಕಿಳಿಯಬೇಕು ಎನ್ನುವುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ ಮಾತ್ರ. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಜೋರಾದ ಸದ್ದಿನ ಅಭ್ಯಾಸದಿಂದ ನೂರು ಕೋಟಿಗೂ ಹೆಚ್ಚು ಯುವಜನರ ಕಿವಿ ಅಪಾಯದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಮಿಕ್ಸಿಂಗ್ ಮಾಡುವಾಗ ಪಕ್ಕದಲ್ಲಿರುವವರ ಮಾತು ಕೇಳಿಸುವಷ್ಟೇ ಜೋರಿಡಿ, ಗಂಟೆಗೊಮ್ಮೆ ಕಿವಿಗೆ ವಿಶ್ರಾಂತಿ ಕೊಡಿ.

ನಮ್ಮ ಕಡೆಯ ಮಳೆಗಾಲದ ಹಸಿ ಹವೆಯಲ್ಲಿ ಕಂಡೆನ್ಸರ್ ಮೈಕಿನ ಪೊರೆಗೆ ತೇವ ತಗಲಿ ಪಟಪಟ ಸದ್ದು ಬರುವುದುಂಟು. ಅಕ್ಕಿ ಡಬ್ಬದಲ್ಲಿಟ್ಟರೆ ತೇವ ಹೋಗುತ್ತದೆ ಎನ್ನುವ ಮಾತನ್ನು ನಂಬಬೇಡಿ. ಅಕ್ಕಿ ತೇವ ಹೀರುವುದು ಅಷ್ಟಕ್ಕಷ್ಟೇ, ಜೊತೆಗೆ ಅದರ ಹುಡಿ ಮೈಕಿನೊಳಗೆ ಸೇರುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಸರಿಯಾದ ಕ್ರಮ.

ಇಷ್ಟೆಲ್ಲ ಕಲಿತು ಏನು ಮಾಡುವುದು?

ಹಾಡಿನ ಆಲ್ಬಂ ಮಾಡುವವರಿಗೆ ಮಾತ್ರ ಈ ವಿದ್ಯೆ ಬೇಕು ಎಂದುಕೊಳ್ಳಬೇಡಿ. ಬೆಳ್ತಂಗಡಿ ತಾಲೂಕಿನ ಉಜಿರೆಯ ಹತ್ತಿರ ಮಾಚಾರು ಎಂಬ ಊರಿದೆ. ಅಲ್ಲಿನ ಗೋಪಾಲ ನಾಯ್ಕರು ಅಕ್ಷರದಲ್ಲಿ ಬರೆದಿರದ ತುಳುವಿನ ಸಿರಿ ಕಾವ್ಯವನ್ನು ನೆನಪಿನಿಂದ ಹಾಡಬಲ್ಲವರಾಗಿದ್ದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತಿತರರ ಜೊತೆ ಸೇರಿ 1990ರಲ್ಲಿ ಅದನ್ನು ಹಲವು ದಿನಗಳ ಕಾಲ ಹಾಡಿಸಿ ದಾಖಲಿಸಿದರು. ಅದರಿಂದ ಬರೆಹಕ್ಕೆ ಇಳಿದದ್ದು 15,683 ಸಾಲುಗಳು! 1998ರಲ್ಲಿ ಅದು ಇಂಗ್ಲಿಷ್ ಅನುವಾದದೊಂದಿಗೆ ಎರಡು ಸಂಪುಟಗಳಾಗಿ ಹೆಲ್ಸಿಂಕಿಯಲ್ಲಿ ಪ್ರಕಟವಾಯಿತು. ಸ್ಪಷ್ಟವಾದ ಧ್ವನಿಮುದ್ರಣ ಇಲ್ಲದಿದ್ದರೆ ಒಬ್ಬರ ಬಾಯಿಂದ ಬಂದ ಅಷ್ಟು ಸಾಲುಗಳನ್ನು ಪದ ತಪ್ಪದೆ ಬರೆದುಕೊಳ್ಳುವುದು ಹೇಗೆ ಸಾಧ್ಯವಿತ್ತು?

ಈಗ ನಮ್ಮ ಗದ್ದೆಗಳಲ್ಲಿ ಹಲವು ಅಡಿಕೆ ತೋಟಗಳಾಗಿವೆ. ನೇಜಿ ನೆಡುವಾಗ ಪಾಡ್ದನ ಹೇಳುತ್ತಿದ್ದ ಅಜ್ಜಿಯಂದಿರಿಗೆ ವಯಸ್ಸಾಗಿದೆ, ಹಾಡುವ ಸಂದರ್ಭಗಳೂ ಕಡಿಮೆಯಾಗಿವೆ. ಅವರ ಧ್ವನಿಯನ್ನು ಹಿಡಿದಿಡುವ ಅವಕಾಶ ಒಮ್ಮೆಯೇ ಸಿಗಬಹುದು. ಆ ಒಂದು ದಿನ ನಾವು ಮೊಬೈಲನ್ನು ಆರು ಅಡಿ ದೂರದ ಮೇಜಿನ ಮೇಲಿಟ್ಟು, ಫ್ಯಾನ್ ತಿರುಗಲು ಬಿಟ್ಟು ಕೂತರೆ, ಆಮೇಲೆ ಎಷ್ಟು ಹಣ ಸುರಿದರೂ ಅಜ್ಜಿಯ ಪದಗಳು ಸ್ಪಷ್ಟವಾಗುವುದಿಲ್ಲ.

ಆದ್ದರಿಂದ ಅಭ್ಯಾಸವನ್ನು ಹೀಗೆ ಶುರುಮಾಡಿ. ಮನೆಯ ಪ್ರತಿ ಕೋಣೆಯಲ್ಲೂ ಚಪ್ಪಾಳೆ ತಟ್ಟಿ, ಯಾವುದರಲ್ಲಿ ಸದ್ದು ಬೇಗ ಅಡಗುತ್ತದೆ ಎಂದು ಗುರುತಿಸಿ. ಫ್ಯಾನ್ ನಿಲ್ಲಿಸಿ, ಫ್ರಿಜ್ಜಿನಿಂದ ದೂರ ಕೂರಿಸಿ. ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಒಂದು ಗೇಣು ದೂರದಲ್ಲಿಡಿ. ಹಾಡುವವರ ಒಪ್ಪಿಗೆ ಕೇಳಿ. ಮೊದಲಿಗೆ ಅವರ ಹೆಸರು, ಊರು, ದಿನಾಂಕ ಹೇಳಿ ರೆಕಾರ್ಡ್ ಮಾಡಿ. ಅರ್ಧ ನಿಮಿಷದ ಬಳಿಕ ನಿಲ್ಲಿಸಿ, ಇಯರ್‌ಫೋನ್‌ನಲ್ಲಿ ಕೇಳಿ, ಸರಿಯಿದ್ದರೆ ಮಾತ್ರ ಮುಂದುವರಿಯಿರಿ. ಮುಗಿದ ಮೇಲೆ ಮೂಲ ಕಡತವನ್ನು, ಸಾಧ್ಯವಾದರೆ ವೇವ್ ರೂಪದಲ್ಲೇ, ಎರಡು ಬೇರೆ ಕಡೆ ಉಳಿಸಿ. ಇಷ್ಟು ಕೈಹಿಡಿದ ಮೇಲೆಯೂ ನಿಮ್ಮ ಮೈಕ್ ಸಾಲದು ಅನ್ನಿಸಿದರೆ, ಆಗ ಹೊಸದನ್ನು ಕೊಳ್ಳಲು ಅಪ್ಪನ ಹತ್ತಿರ ಹಣ ಕೇಳಬಹುದು.